ಕಬ್ಬಿಗೊಂದು ನ್ಯಾಯ, ಕೂಲಿಗೊಂದು ನ್ಯಾಯ

ಕಬ್ಬಿನ ದರದ ವಿಷಯದಲ್ಲಿ ಮಂಡ್ಯ ಜಿಲ್ಲೆಯ ರೈತರಿಗೆ ಯಾರೂ ಅರ್ಥಶಾಸ್ತ್ರ ಹೇಳಿಕೊಡಬೇಕಾಗಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ದೂರದ ಕಾರ್ಖಾನೆಗೆ ಒಯ್ಯೋಣವೆಂದರೆ ಸಾಗಣೆಯ ಖರ್ಚೇ ಲಾಭವನ್ನು ನುಂಗುತ್ತದೆ. ಮಂಡ್ಯದ ಮೈಷುಗರ್, ಮದ್ದೂರು ತಾಲ್ಲೂಕಿನ ಕೊಪ್ಪದ ಎನ್‌ಎಸ್‌ಎಲ್, ಭಾರತೀನಗರದ ಚಾಮುಂಡೇಶ್ವರಿ ಎಂದು ಹೆಸರು ಹೇಳಲು ಹಲವು ಕಾರ್ಖಾನೆಗಳಿದ್ದರೂ ಒಂದು ಊರಿನ ಕಬ್ಬಿಗೆ ನಿಜವಾಗಿ ಒದಗುವುದು ಒಂದೋ ಎರಡೋ. ಕೊಳ್ಳುವವರು ಇಷ್ಟು ಕಡಿಮೆ ಇರುವಲ್ಲಿ ದರವನ್ನು ಅವರಿಗೇ ಬಿಟ್ಟರೆ ಬೆಳೆದವನು ಮುಳುಗುತ್ತಾನೆ. ಅದಕ್ಕೇ 1966ರ ಕಬ್ಬು ನಿಯಂತ್ರಣ ಆದೇಶ ಬಂತು, ಹದಿನಾಲ್ಕು ದಿನದೊಳಗೆ ಹಣ ಪಾವತಿಸಬೇಕೆಂಬ ನಿಯಮ ಬಂತು, 2009ರಿಂದ ಎಫ್‌ಆರ್‌ಪಿ ಎಂಬ ನ್ಯಾಯಸಮ್ಮತ ಮತ್ತು ಲಾಭದಾಯಕ ದರ ಬಂತು. 2025-26ರ ಹಂಗಾಮಿಗೆ ಅದು ಕ್ವಿಂಟಲ್‌ಗೆ 355 ರೂಪಾಯಿ ಇತ್ತು. ಇದರಿಂದ ಮಾರುಕಟ್ಟೆ ಕೆಟ್ಟುಹೋಯಿತು ಎಂದು ಜಿಲ್ಲೆಯಲ್ಲಿ ಯಾರೂ ದೂರುವುದಿಲ್ಲ. ದರ ಸಾಲದು ಎಂದೇ ಹೆದ್ದಾರಿಗೆ ಇಳಿಯುತ್ತಾರೆ. ಆದರೆ ಅದೇ ಗದ್ದೆಯಲ್ಲಿ ಕಳೆ ಕೀಳುವವರ ಕೂಲಿಯ ಮಾತು ಬಂದಾಗ, ಅದೇ ಮನೆಯ ಮಗಳು ಹೋಗುವ ಗಾರ್ಮೆಂಟ್ಸ್‌ನ ಸಂಬಳದ ಮಾತು ಬಂದಾಗ, ಬೇಡಿಕೆ ಮತ್ತು ಪೂರೈಕೆ ಎಲ್ಲವನ್ನೂ ತೀರ್ಮಾನಿಸುತ್ತವೆ ಎಂಬ ಮಾತಿಗೆ ನಾವು ಸುಲಭವಾಗಿ ತಲೆಯಾಡಿಸುತ್ತೇವೆ. ಕಬ್ಬಿಗೆ ಅನ್ವಯಿಸಿದ ನ್ಯಾಯವನ್ನೇ ದುಡಿಮೆಗೂ ಅನ್ವಯಿಸಬೇಕು ಎಂಬುದು ಈ ಲೇಖನದ ವಾದ. ದುಡಿಮೆಯೂ ಕಡಿದ ಕಬ್ಬಿನಂತೆ ಕಾಯಲಾರದ ಸರಕು. ಇವತ್ತಿನ ದಿನದ ಕೆಲಸ ಇವತ್ತು ಮಾರಾಟವಾಗದಿದ್ದರೆ ನಾಳೆಗೆ ಉಳಿಯುವುದಿಲ್ಲ.

ಪಠ್ಯಪುಸ್ತಕದ ಲೆಕ್ಕ ಚೊಕ್ಕಟವಾಗಿದೆ. ಕೆಲಸ ಕೊಡುವವರು ಅಸಂಖ್ಯ, ಕೆಲಸ ಮಾಡುವವರೂ ಅಸಂಖ್ಯ. ಒಬ್ಬ ಮಾಲೀಕ ಹತ್ತು ರೂಪಾಯಿ ಕಡಿಮೆ ಕೊಟ್ಟರೆ ಆಳುಗಳೆಲ್ಲ ಪಕ್ಕದವನ ಬಳಿಗೆ ಹೋಗುತ್ತಾರೆ; ಹೀಗಾಗಿ ಒಬ್ಬೊಬ್ಬರ ದುಡಿಮೆಯಿಂದ ಎಷ್ಟು ಹುಟ್ಟುತ್ತದೋ ಅಷ್ಟಕ್ಕೆ ಕೂಲಿ ಬಂದು ನಿಲ್ಲುತ್ತದೆ. ಈ ಲೆಕ್ಕ ಸರಿಯಾಗಬೇಕಾದರೆ ಹೋಗಲು ಒಬ್ಬ ಪಕ್ಕದವನಿರಬೇಕು, ಅವನು ಬೇರೆ ದರ ಹೇಳಬೇಕು, ಅವನಿರುವ ಸುದ್ದಿ ತಿಳಿಯಬೇಕು, ಅಲ್ಲಿಗೆ ಹೋಗಿಬರಲು ದಾರಿಯೂ ಹೊತ್ತೂ ಇರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ದರ ಹೇಳುವ ಅಧಿಕಾರ ಕೊಳ್ಳುವವನ ಕೈಗೆ ಜಾರುತ್ತದೆ. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಈ ಪರಿಸ್ಥಿತಿಯನ್ನು ಸಿದ್ಧಾಂತವಾಗಿ ಕಟ್ಟಿ ಪುಸ್ತಕ ಪ್ರಕಟಿಸಿದ್ದು 1933ರಲ್ಲಿ. ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾದದ್ದೂ ಅದೇ ವರ್ಷ. ಮಾರುವವನು ಒಬ್ಬನೇ ಆದರೆ ಏಕಸ್ವಾಮ್ಯ ಎನ್ನುತ್ತೇವೆ. ಕೊಳ್ಳುವವನು ಒಬ್ಬನೇ ಆದಾಗಲೂ ಅಷ್ಟೇ ಬಲದ ಸ್ವಾಮ್ಯ ಹುಟ್ಟುತ್ತದೆ, ಅದು ದುಡಿಮೆಯ ಸಂತೆಯಲ್ಲೂ ಇರಬಲ್ಲದು ಎಂದು ರಾಬಿನ್ಸನ್ ತೋರಿಸಿದರು. ಅಕ್ಷರಶಃ ಒಬ್ಬನೇ ಇರಬೇಕೆಂದಿಲ್ಲ. ಹಲವರಿದ್ದು ಎಲ್ಲರೂ ಒಂದೇ ದರ ಹೇಳಿದರೂ ಸಾಕು. ಮಾಲೀಕರು ಕೂಲಿ ಏರಿಸದಿರಲು ಸದಾ ಸದ್ದಿಲ್ಲದ ಒಪ್ಪಂದದಲ್ಲಿರುತ್ತಾರೆ ಎಂದು ಆಡಮ್ ಸ್ಮಿತ್ 1776ರಲ್ಲೇ ಬರೆದಿದ್ದ. ಹಳ್ಳಿಯ ಕಟ್ಟೆಯಲ್ಲಿ ಆ ವರ್ಷದ ಕೂಲಿ ಇಷ್ಟು ಎಂದು ಮಾತಾಗುವುದನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಈ ಸಿದ್ಧಾಂತ ನಮ್ಮೂರಿನ ಒಂದು ಒಗಟನ್ನು ಬಿಡಿಸುತ್ತದೆ. ಕೂಲಿ ಕಡಿಮೆ ಎಂಬ ದೂರೂ, ಆಳೇ ಸಿಗುತ್ತಿಲ್ಲ ಎಂಬ ದೂರೂ ಒಂದೇ ಊರಲ್ಲಿ ಒಂದೇ ಕಾಲಕ್ಕೆ ಕೇಳಿಸುವುದು ಹೇಗೆ? ಸರಕು ಸಿಗದಿದ್ದರೆ ಬೆಲೆ ಏರಬೇಕಲ್ಲವೇ? ಒಂದು ಕಲ್ಪಿತ ಲೆಕ್ಕ ನೋಡೋಣ. ಒಬ್ಬ ಜಮೀನುದಾರನ ಬಳಿ ಹತ್ತು ಆಳು ತಲಾ 400 ರೂಪಾಯಿಗೆ ದುಡಿಯುತ್ತಾರೆ; ದಿನದ ಖರ್ಚು 4,000. ಹನ್ನೊಂದನೆಯವರು 430 ಕೊಟ್ಟರೆ ಬರುತ್ತೇನೆ ಎನ್ನುತ್ತಾರೆ. ಅವರಿಗೊಬ್ಬರಿಗೆ 430 ಕೊಟ್ಟು ಉಳಿದವರಿಗೆ 400 ಕೊಟ್ಟರೆ ಮರುದಿನ ಗದ್ದೆಯ ಬದುವಿನಲ್ಲೇ ಜಗಳ. ಎಲ್ಲರಿಗೂ 430 ಕೊಟ್ಟರೆ ಒಟ್ಟು 4,730. ಅಂದರೆ ಹನ್ನೊಂದನೆಯ ಆಳಿನಿಂದ ಬಿದ್ದ ಖರ್ಚು 430 ಅಲ್ಲ, 730. ಆ ಒಬ್ಬರ ದುಡಿಮೆಯಿಂದ 600 ರೂಪಾಯಿಯ ಕೆಲಸ ಆಗುವುದಿದ್ದರೂ ಜಮೀನುದಾರ ಬೇಡವೆನ್ನುತ್ತಾನೆ. ಕೆಲಸ ಉಳಿಯುತ್ತದೆ, ಕೆಲಸಕ್ಕೆ ಬರಲು ಒಪ್ಪುವವರೂ ಉಳಿಯುತ್ತಾರೆ, ನಡುವೆ ಕೂಲಿ ಮಾತ್ರ ಏರುವುದಿಲ್ಲ. ‘ಆಳೇ ಸಿಕ್ತಾ ಇಲ್ಲ’ ಎಂಬ ಮಾತಿನ ಪೂರ್ತಿ ಅರ್ಥ ‘ನಾನು ಕೊಡುವ ಕೂಲಿಗೆ ಆಳು ಸಿಗುತ್ತಿಲ್ಲ’ ಎಂದು. ಇದು ಯಾರ ದುಷ್ಟತನವೂ ಅಲ್ಲ. ಒಬ್ಬರಿಗೆ ಕೊಟ್ಟದ್ದನ್ನು ಎಲ್ಲರಿಗೂ ಕೊಡಬೇಕಾದ ಸ್ಥಿತಿಯಲ್ಲಿ ಯಾರೇ ಇದ್ದರೂ ಮಾಡುವ ಲೆಕ್ಕ.

ಕೂಲಿಯನ್ನು ನಿರ್ಧರಿಸುವುದು ಭೂಮಿಯ ಫಸಲೋ, ದುಡಿಯುವವರಿಗೆ ಇರುವ ಬೇರೆ ದಾರಿಯೋ ಎಂಬ ಪ್ರಶ್ನೆಗೆ ಮಂಡ್ಯವೇ ಒಂದು ಹಳೆಯ ಸಾಕ್ಷ್ಯ ಒದಗಿಸಿದೆ. ಟಿ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1962ರಲ್ಲಿ ಪುಸ್ತಕ ಪ್ರಕಟಿಸಿದರು. ಊರುಗಳ ನಿಜ ಹೆಸರು ಮರೆಸಿ ಒಂದಕ್ಕೆ ವಂಗಲ, ಇನ್ನೊಂದಕ್ಕೆ ದಲೇನ ಎಂದು ಕರೆದರು. ಕನ್ನಂಬಾಡಿಯ ನಾಲೆ ನೀರು ವಂಗಲದ ಜಮೀನಿಗೆ ಹರಿಯಿತು. ಎತ್ತರದಲ್ಲಿದ್ದ ದಲೇನಕ್ಕೆ ಹತ್ತಲಿಲ್ಲ. ನೀರು ಬಂದು ಕಬ್ಬು ಬೆಳೆದ ಊರಲ್ಲಿ ಹಳೆಯ ಕೂಲಿ ಸಂಬಂಧ ಸಡಿಲವಾಗಬೇಕಿತ್ತು ಎಂದು ಯಾರಾದರೂ ಊಹಿಸಬಹುದು. ಆದದ್ದು ತಿರುಗಮುರುಗ. ವಂಗಲದಲ್ಲಿ ಒಕ್ಕಲು ಮನೆಗಳಿಗೂ ದಲಿತ ಕುಟುಂಬಗಳಿಗೂ ನಡುವಿನ ವಂಶಪಾರಂಪರ್ಯದ ಆಳುತನ ಗಟ್ಟಿಯಾಗಿಯೇ ಉಳಿಯಿತು. ನೀರಿಲ್ಲದ ದಲೇನದವರು ಮಂಡ್ಯ ಪೇಟೆಯ ಕೆಲಸ, ಕಾರ್ಖಾನೆ, ವ್ಯಾಪಾರ ಎಂದು ಹೊರಗೆ ಕಾಲಿಟ್ಟರು. ಅಲ್ಲಿ ಆ ಸಂಬಂಧ ಮುರಿಯಿತು. ಸುಗ್ಗಿಯಲ್ಲಿ ಕೊಡುತ್ತಿದ್ದ ಧಾನ್ಯದ ಪ್ರಮಾಣವನ್ನೂ ಎಪ್‌ಸ್ಟೀನ್ ವಿಶ್ಲೇಷಿಸಿದರು. ಫಸಲು ಚೆನ್ನಾಗಿ ಬಂದರೂ ಕೆಟ್ಟರೂ ಆಳಿಗೆ ಸಿಗುವುದು ಅಷ್ಟೇ. ಆ ಅಳತೆ ಕೆಟ್ಟ ವರ್ಷದ ಫಸಲಿಗೆ ಹೊಂದುವಂತಿತ್ತು. ಬರದ ವರ್ಷ ಅದು ಹೊಟ್ಟೆ ಕಾಯುವ ವಿಮೆಯೂ ಹೌದು. ಆದರೆ ಒಳ್ಳೆಯ ವರ್ಷದ ಹೆಚ್ಚುವರಿಯೆಲ್ಲ ಒಡೆಯನ ಕಣಜಕ್ಕೆ. ಭೂಮಿಯ ಉತ್ಪಾದನೆ ಏರಿದರೆ ಕೂಲಿ ತಾನಾಗಿ ಏರುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಹತ್ತಿರದ ಉತ್ತರ ಬೇಕಿಲ್ಲ.

ಬೇರೆ ದಾರಿಯ ಬೆಲೆಯೂ ಕಬ್ಬು ಬೆಳೆಗಾರರಿಗೆ ಗೊತ್ತಿರುವುದೇ. ಆಲೆಮನೆಗಳಿರುವುದರಿಂದ ಕಾರ್ಖಾನೆಗೆ ಪೂರ್ತಿ ಮಣಿಯಬೇಕಾಗಿಲ್ಲ. ಮೈಷುಗರ್ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ಶುರುವಾಗುವ ತನಕ ಅದರ ವ್ಯಾಪ್ತಿಯ ಕಬ್ಬು ಉಳಿದ ಕಾರ್ಖಾನೆಗಳಿಗೂ ಆಲೆಮನೆಗಳಿಗೂ ಹೋಯಿತು. ಆಲೆಮನೆಯ ದರ ಹೆಚ್ಚೇ ಇರಬೇಕೆಂದಿಲ್ಲ, ಅದು ಇದೆ ಎಂಬುದೇ ಮಾತುಕತೆಯಲ್ಲಿ ಒಂದು ಬಲ. ಕೂಲಿಕಾರರ ಪಾಲಿಗೆ ಇಂಥ ಬಲ ಎಲ್ಲಿಂದ ಬಂದಿದೆ ಎಂದು ನೋಡಿದರೆ ಕೆಲವು ಮೂಲಗಳು ಕಾಣುತ್ತವೆ. ಮನೆಯಲ್ಲೊಂದು ಕರೆಯುವ ಹಸುವಿದ್ದು ಡೇರಿಯ ಬಟವಾಡೆ ತಪ್ಪದೆ ಬರುತ್ತಿದ್ದರೆ ಕಡಿಮೆ ಕೂಲಿಗೆ ಬರುವುದಿಲ್ಲ ಎನ್ನಲು ಧೈರ್ಯ ಬರುತ್ತದೆ. ಮಳವಳ್ಳಿ ಕಡೆ ರೇಷ್ಮೆ ಹುಳು ಸಾಕುವ ಮನೆಗೂ ಅಷ್ಟೇ. 2005ರ ಉದ್ಯೋಗ ಖಾತರಿ ಕಾಯ್ದೆ ಇದನ್ನು ಹಕ್ಕಿನ ರೂಪಕ್ಕೆ ತಂದಿತು. 2025-26ಕ್ಕೆ ಕರ್ನಾಟಕದ ಖಾತರಿ ಕೂಲಿ 370 ರೂಪಾಯಿ ಇತ್ತು, ಗಂಡಿಗೂ ಹೆಣ್ಣಿಗೂ ಒಂದೇ. ಅವಿಭಜಿತ ಆಂಧ್ರಪ್ರದೇಶದ 157 ಮಂಡಲಗಳಲ್ಲಿ ಈ ಯೋಜನೆಯ ಹಣ ಪಾವತಿಯನ್ನು ಸುಧಾರಿಸಿ ನಡೆಸಿದ ದೊಡ್ಡ ಅಧ್ಯಯನವೊಂದರಲ್ಲಿ ಬಡ ಕುಟುಂಬಗಳ ಆದಾಯ ಏರಿತು. ಆ ಏರಿಕೆಯ ಬಹುಪಾಲು ಬಂದದ್ದು ಯೋಜನೆಯ ಕೂಲಿಯಿಂದಲ್ಲ, ಖಾಸಗಿ ಕೆಲಸದ ಗಳಿಕೆ ಹೆಚ್ಚಿದ್ದರಿಂದ. ಖಾತರಿ ಕೆಲಸಕ್ಕೆ ಹೋಗದ ದಿನಗಳ ಕೂಲಿಯನ್ನೂ ಖಾತರಿಯೇ ಮೇಲಕ್ಕೆತ್ತಿತ್ತು.

ಇನ್ನು ಹೆದ್ದಾರಿಯತ್ತ ಬರೋಣ. ಮದ್ದೂರಿನ ಸೋಮನಹಳ್ಳಿ, ಗೆಜ್ಜಲಗೆರೆ, ಮಂಡ್ಯದ ತೂಬಿನಕೆರೆ ಎಂದು ಕೈಗಾರಿಕಾ ಪ್ರದೇಶಗಳು ಬೆಂಗಳೂರು–ಮೈಸೂರು ದಾರಿಯುದ್ದಕ್ಕೂ ಹಬ್ಬಿವೆ. ಬೆಂಗಳೂರಿನಿಂದ ಈಚೆಗೆ ಗಾರ್ಮೆಂಟ್ಸ್ ಕಾರ್ಖಾನೆಗಳು ಹೊರಳಿದ್ದಕ್ಕೆ ಜಾಗದ ಬೆಲೆ ಒಂದು ಕಾರಣ. ಸಂಬಳ ಇನ್ನೊಂದು ಕಾರಣ. ಕರ್ನಾಟಕದಲ್ಲಿ ಕನಿಷ್ಠ ವೇತನವನ್ನು ಬೆಂಗಳೂರಿಗೆ ಹೆಚ್ಚು, ಸಣ್ಣ ಊರುಗಳಿಗೆ ಕಡಿಮೆ ಎಂಬಂತೆ ವಲಯ ವಲಯವಾಗಿ ನಿಗದಿ ಮಾಡುತ್ತ ಬಂದಿದ್ದಾರೆ. ಕನಿಷ್ಠ ಎಂದರೆ ಇದಕ್ಕಿಂತ ಕೆಳಗಿಳಿಯಬಾರದು ಎಂದು ಅರ್ಥ. ಆದರೆ ಈ ಉದ್ಯಮದಲ್ಲಿ ಅದು ನೆಲವೂ ಹೌದು, ಬಹುಮಟ್ಟಿಗೆ ಸೂರೂ ಹೌದು. ಹೊಲಿಗೆಯಲ್ಲಿ ನುರಿತ ಆಪರೇಟರ್‌ಗೂ ನಿನ್ನೆ ಸೇರಿದ ಹೆಲ್ಪರ್‌ಗೂ ಸಂಬಳದ ಅಂತರ ಅತ್ಯಲ್ಪ; ವರ್ಷಕ್ಕೊಮ್ಮೆ ಸಂಬಳ ಏರುವುದು ಸರ್ಕಾರ ತುಟ್ಟಿಭತ್ಯೆ ಏರಿಸಿದಾಗ. ನಿಜವಾದ ಪೈಪೋಟಿ ಇದ್ದಿದ್ದರೆ ಅನುಭವಿ ಟೈಲರ್‌ಗಳನ್ನು ಸೆಳೆಯಲು ಒಂದು ಕಾರ್ಖಾನೆ ಇನ್ನೊಂದಕ್ಕಿಂತ ಹೆಚ್ಚು ಕೊಡಬೇಕಿತ್ತು.

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ಕರ್ನಾಟಕದ್ದೇ ಎರಡು ಪುರಾವೆಗಳಿವೆ. ಬೆಂಗಳೂರಿನಲ್ಲಿ ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಕಾರ್ಖಾನೆಗಳಲ್ಲಿ ಮಹಿಳಾ ಕಾರ್ಮಿಕರನ್ನು ಚೀಟಿ ಎತ್ತಿದಂತೆ ಆರಿಸಿ ಸಂವಹನ, ಸಮಯ ನಿರ್ವಹಣೆ ಮುಂತಾದವುಗಳ ತರಬೇತಿ ಕೊಡಲಾಯಿತು. ಅಚ್ಯುತ ಅಧ್ವರ್ಯು, ನಮ್ರತಾ ಕಾಲ, ಅನಂತ್ ನ್ಯಾಷಧಾಮ್ ಎಂಬ ಅರ್ಥಶಾಸ್ತ್ರಜ್ಞರು ಫಲಿತಾಂಶ ಅಳೆದರು. ತರಬೇತಿ ಪಡೆದವರ ಉತ್ಪಾದಕತೆ ಶೇಕಡಾ ಹತ್ತಕ್ಕೂ ಹೆಚ್ಚು ಏರಿತು. ಅವರ ಸಂಬಳ ಶೇಕಡಾ ಒಂದರಷ್ಟೂ ಏರಲಿಲ್ಲ. ಲಾಭ ಹೆಚ್ಚುಕಡಿಮೆ ಪೂರ್ತಿಯಾಗಿ ಕಂಪನಿಗೆ ಹೋಯಿತು. ಕಂಪನಿ ಖರ್ಚು ಮಾಡಿ ತರಬೇತಿ ಕೊಟ್ಟದ್ದು ಮೆಚ್ಚತಕ್ಕದ್ದೇ; ಆದರೆ ದುಡಿಮೆಯಿಂದ ಹುಟ್ಟಿದಷ್ಟು ಸಂಬಳ ಎಂಬ ಪಠ್ಯಪುಸ್ತಕದ ಸೂತ್ರ ಇಲ್ಲಿ ನಿಲ್ಲುವುದಿಲ್ಲ. ಎರಡನೆಯದು 2020ರ ಏಪ್ರಿಲ್‌ನ ತುಟ್ಟಿಭತ್ಯೆ. ತಿಂಗಳಿಗೆ ಸುಮಾರು 417 ರೂಪಾಯಿಯ ಈ ಏರಿಕೆಯನ್ನು ಕೋವಿಡ್ ಹೆಸರಿನಲ್ಲಿ ಸರ್ಕಾರ ಮುಂದೂಡಿತು. ಹೈಕೋರ್ಟ್ ಅದನ್ನು ಒಪ್ಪದಿದ್ದರೂ ರಾಜ್ಯದ ಗಾರ್ಮೆಂಟ್ಸ್‌ನ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಹಣ ಬರಲಿಲ್ಲ. ಸಂಘಟನೆಗಳು ಹೋರಾಡಿ, ಹೊರದೇಶದ ಬ್ರಾಂಡ್‌ಗಳ ಮೇಲೆ ಒತ್ತಡ ಬಿದ್ದ ನಂತರ 2021ರ ಕೊನೆ ಮತ್ತು 2022ರ ಮೊದಲ ತಿಂಗಳುಗಳಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸಿದವು. ಸಂಕಷ್ಟದ ಕಾಲವದು ಎಂಬುದು ನಿಜ. ಆದರೂ ಎಲ್ಲರೂ ಒಟ್ಟಿಗೆ ಕೊಡದಿರಲು ಸಾಧ್ಯವಾದದ್ದು ಕೊಡುವ ಇನ್ನೊಬ್ಬರ ಬಳಿಗೆ ಯಾರೂ ಹೋಗಲಾರರು ಎಂಬ ಖಾತ್ರಿ ಇದ್ದುದರಿಂದ. ಅದೇ 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕ ಮುಚ್ಚಿದಾಗ ಸುಮಾರು 1,200 ಕಾರ್ಮಿಕರು ವಾರಗಟ್ಟಲೆ ಗೇಟಿನ ಮುಂದೆಯೇ ಧರಣಿ ಕುಳಿತರು. ಸುಲಭವಾಗಿ ಇನ್ನೊಂದು ಕೆಲಸ ಸಿಗುವಂತಿದ್ದರೆ ಮುಚ್ಚಿದ ಗೇಟಿಗೆ ಯಾರೂ ಅಂಟಿಕೊಳ್ಳುವುದಿಲ್ಲ.

ಈ ಕಾರ್ಮಿಕರಲ್ಲಿ ಬಹುಪಾಲು ಹೆಂಗಸರೆಂಬುದು ಆಕಸ್ಮಿಕವಲ್ಲ. ಬೆಳಗಿನ ಅಡುಗೆ, ಮಕ್ಕಳ ಶಾಲೆ, ಸಂಜೆ ಕತ್ತಲಾಗುವ ಮುನ್ನ ಮನೆ: ಇವಿಷ್ಟರೊಳಗೆ ಹೋಗಿಬರಬಹುದಾದ ದೂರವೇ ಅವರ ಮಾರುಕಟ್ಟೆ. ಗಂಡಸು ಬೈಕ್ ಹತ್ತಿ ಇನ್ನೊಂದು ತಾಲ್ಲೂಕಿಗೆ ಹೋಗುತ್ತಾನೆ, ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾನೆ. ಮಳವಳ್ಳಿಗೆ ರೈಲೂ ಇಲ್ಲ. ಊರಿಗೆ ಬರುವ ಕಾರ್ಖಾನೆಯ ವಾಹನ ಯಾವ ಗೇಟಿಗೆ ಹೋಗುತ್ತದೋ ಅಲ್ಲೇ ಕೆಲಸ. ಒಂದೇ ಕೆಲಸಕ್ಕೆ ಹೆಣ್ಣಾಳಿಗೆ ಕಡಿಮೆ, ಗಂಡಾಳಿಗೆ ಹೆಚ್ಚು ಕೊಡುವ ರೂಢಿ 1976ರ ಸಮಾನ ವೇತನ ಕಾಯ್ದೆ ಬಂದ ಮೇಲೂ ಹೊಲಗದ್ದೆಗಳಲ್ಲಿ ಉಳಿದದ್ದಕ್ಕೆ ಪೂರ್ವಗ್ರಹವೊಂದೇ ಕಾರಣವಲ್ಲ. ಬಿಟ್ಟುಹೋಗುವ ಸಾಧ್ಯತೆ ಯಾರಿಗೆ ಕಡಿಮೆಯೋ ಅವರಿಗೆ ಕಡಿಮೆ ಕೊಟ್ಟರೂ ನಡೆಯುತ್ತದೆ ಎಂಬ ಲೆಕ್ಕವೂ ಅದರ ಹಿಂದಿದೆ. ಈ ಕಣ್ಣಿನಿಂದ ನೋಡಿದರೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಕೂಲಿ ನೀತಿಯೂ ಆಗುತ್ತದೆ. ಹೆಂಗಸರಿಗೆ ಬಸ್ ದರ ಸೊನ್ನೆಯಾದರೆ ಹೋಗಬಲ್ಲ ದೂರ ಹಿಗ್ಗುತ್ತದೆ, ಕೊಳ್ಳುವವರ ಸಂಖ್ಯೆ ಹಿಗ್ಗುತ್ತದೆ. ಪಾಳಿಯ ಹೊತ್ತಿಗೆ ಸರಿಯಾಗಿ ಬಸ್ಸೇ ಇಲ್ಲದ ಹಳ್ಳಿಯಲ್ಲಿ ಮಾತ್ರ ಈ ಲಾಭ ಕಾಗದದಲ್ಲೇ ಉಳಿಯುತ್ತದೆ.

ದುಡಿಯುವವರನ್ನು ಕಟ್ಟಿಹಾಕುವ ಇನ್ನೊಂದು ಹಗ್ಗ ಮುಂಗಡ. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬರುವ ತಂಡಗಳಿಗೆ ಮೇಸ್ತ್ರಿಯ ಮೂಲಕ ಹಂಗಾಮಿಗೆ ಮೊದಲೇ ಹಣ ತಲುಪುತ್ತದೆ. ಮಳೆಗಾಲದ ಸಾಲ ತೀರಿಸಲು ಆ ಹಣ ಬೇಕೇ ಬೇಕು. ಆದರೆ ಪಡೆದ ದಿನದಿಂದ ಹಂಗಾಮು ಮುಗಿಯುವ ತನಕ ಟನ್ನಿಗೆ ಎಷ್ಟು ಎಂಬ ಚೌಕಾಸಿಯ ಬಾಗಿಲು ಮುಚ್ಚಿರುತ್ತದೆ. ಪಕ್ಕದ ಕಾರ್ಖಾನೆಯ ವ್ಯಾಪ್ತಿಯಲ್ಲಿ ದರ ಹೆಚ್ಚಿದೆ ಎಂದು ಗೊತ್ತಾದರೂ ಮುಂಗಡ ತೀರದೆ ಕಾಲು ಕೀಳುವಂತಿಲ್ಲ. ಜೀತವನ್ನು ಕಾನೂನು 1976ರಲ್ಲೇ ರದ್ದು ಮಾಡಿತು. ಸಾಲ ಸಿಗುವ ಜಾಗವೂ ಕೆಲಸ ಸಿಗುವ ಜಾಗವೂ ಒಂದೇ ಆಗಿರುವ ತನಕ ಅದರ ನೆರಳು ಪೂರ್ತಿ ಸರಿಯುವುದಿಲ್ಲ. ಇಂಥವರ ಕೂಲಿ ಏರಲು ಸುಲಭ ಬಡ್ಡಿಯ ಸಣ್ಣ ಸಾಲವೊಂದು ಎಷ್ಟೋ ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಇಷ್ಟು ಓದಿದ ರೈತ ಕೇಳುವ ಮೊದಲ ಪ್ರಶ್ನೆ ನ್ಯಾಯವಾದದ್ದೇ. ಒಂದೆರಡು ಎಕರೆ ಇಟ್ಟುಕೊಂಡು ಸಾಲದಲ್ಲಿರುವ ನನ್ನನ್ನು ಕಾರ್ಖಾನೆ ಮಾಲೀಕನ ಸಾಲಿಗೆ ಸೇರಿಸುವುದೇ? ಸೇರಿಸಬೇಕಾಗಿಲ್ಲ. ಕೂಲಿಯ ಮೇಲೆ ಹಿಡಿತ ಇರುವುದಕ್ಕೂ ಶ್ರೀಮಂತನಾಗಿರುವುದಕ್ಕೂ ಸಂಬಂಧವಿಲ್ಲ. ಬಡ ರೈತ ಕಬ್ಬನ್ನು ಮಾರುವಾಗ ಬಲಹೀನ, ದುಡಿಮೆಯನ್ನು ಕೊಳ್ಳುವಾಗ ತುಸು ಬಲಶಾಲಿ, ಎರಡೂ ಒಂದೇ ಹಂಗಾಮಿನಲ್ಲಿ. ಕಾರ್ಖಾನೆ ತಡವಾಗಿ ಹಣ ಕೊಟ್ಟರೆ ಆ ಒತ್ತಡ ಕೆಳಕ್ಕೆ ಇಳಿದು ಕೊನೆಗೆ ಬೀಳುವುದು ಅತಿ ಕಡಿಮೆ ದಾರಿಗಳಿರುವವರ ತಲೆಯ ಮೇಲೆ. ಆದ್ದರಿಂದ ರೈತನ ದರ ಮತ್ತು ಆಳಿನ ಕೂಲಿ ಒಂದಕ್ಕೊಂದು ಎದುರಾಳಿಗಳಲ್ಲ. ಎಫ್‌ಆರ್‌ಪಿ ಶಿಫಾರಸು ಮಾಡುವಾಗ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಬೇಸಾಯದ ಖರ್ಚನ್ನು ಲೆಕ್ಕ ಹಾಕುತ್ತದೆ, ಅದರಲ್ಲಿ ಕೊಟ್ಟ ಕೂಲಿಯೂ ಸೇರುತ್ತದೆ. ಕೂಲಿ ಏರಿದರೆ ಅದನ್ನು ದರದಲ್ಲಿ ಕೇಳುವ ಹಕ್ಕು ರೈತನಿಗಿದೆ. ಕೂಲಿಯನ್ನು ಅದುಮಿ ಬೇಸಾಯ ಉಳಿಸುತ್ತೇವೆ ಎನ್ನುವುದು ಕಾರ್ಖಾನೆ ಹೊರಬೇಕಾದ ಭಾರವನ್ನು ಕೂಲಿಕಾರರ ಬೆನ್ನಿಗೆ ಹಾಕಿದಂತೆ.

ಎರಡನೆಯ ಆಕ್ಷೇಪ: ಈಗ ಕೈಮೇಲಾಗಿರುವುದು ಕೂಲಿಕಾರರದ್ದೇ, ನಾಟಿಯ ಕಾಲದಲ್ಲಿ ಅವರು ಹೇಳಿದ್ದೇ ದರ. ನಾಟಿಗೆ ಹೆಂಗಸರ ಗುಂಪುಗಳು ಎಕರೆಗೆ ಇಷ್ಟು ಎಂದು ಗುತ್ತಿಗೆ ಹೇಳುವುದು ನಿಜ, ಆ ವಾರಗಳಲ್ಲಿ ಕೂಲಿ ಜಿಗಿಯುವುದೂ ನಿಜ. ಆದರೆ ಇದು ವಾದವನ್ನು ಮುರಿಯುವ ಬದಲು ಗಟ್ಟಿ ಮಾಡುತ್ತದೆ. ಒಬ್ಬೊಬ್ಬರಾಗಿ ಬಂದಾಗ ಸಿಗದ ದರ ಗುಂಪಾಗಿ ನಿಂತಾಗ ಸಿಗುವುದಾದರೆ ದರವನ್ನು ತೀರ್ಮಾನಿಸುತ್ತಿರುವುದು ಬಲಾಬಲವೇ ಹೊರತು ಕೆಲಸದ ಗುಣವಲ್ಲ. ಸುಪ್ರೀತ್ ಕೌರ್ ಎಂಬ ಅರ್ಥಶಾಸ್ತ್ರಜ್ಞೆ ಭಾರತದ ಜಿಲ್ಲೆಗಳ ಹಲವು ದಶಕಗಳ ಅಂಕಿ ಅಂಶ ನೋಡಿ, ಒಳ್ಳೆಯ ಮಳೆಯ ವರ್ಷ ಏರಿದ ಕೂಲಿ ಮರುವರ್ಷ ಮಳೆ ಕೈಕೊಟ್ಟಾಗ ಇಳಿಯುವುದಿಲ್ಲ ಎಂದು ತೋರಿಸಿದ್ದಾರೆ. ಇಷ್ಟಕ್ಕಿಂತ ಕಡಿಮೆಗೆ ಹೋಗಬಾರದು ಎಂಬ ಕಟ್ಟು ಕೂಲಿಕಾರರ ಕೇರಿಯಲ್ಲೂ ಇರುತ್ತದೆ. ಆ ಕಟ್ಟಿಗೆ ಬೆಲೆಯೂ ಉಂಟು: ಕೂಲಿ ಇಳಿಯದಿದ್ದರೆ ಕೆಲಸದ ದಿನಗಳು ಇಳಿಯುತ್ತವೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಮದ್ದೂರು, ಮಳವಳ್ಳಿಗಳಿಗೆ ನೀರು ತಲುಪದ ವರ್ಷ ಎಲ್ಲ ಗದ್ದೆಗಳೂ ಒಟ್ಟಿಗೆ ಬೀಳು ಬೀಳುತ್ತವೆ; ಆಗ ನಾಟಿಯ ಆ ಕೆಲವು ವಾರಗಳ ಬಲವೂ ಇರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಕನಿಷ್ಠ ವೇತನ ಏರಿಸಿದರೆ ಕೆಲಸಗಳೇ ಹೋಗುತ್ತವೆ, ಕಾರ್ಖಾನೆ ಇನ್ನೊಂದು ರಾಜ್ಯಕ್ಕೆ, ಇನ್ನೊಂದು ದೇಶಕ್ಕೆ ಹೊರಡುತ್ತದೆ ಎಂಬುದು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನ ಏರಿಕೆಯ ಕರಡು ಹೊರಡಿಸಿದಾಗಲೂ ಉದ್ಯಮಿಗಳಿಂದ ಕೇಳಿಬಂದದ್ದು ಇದೇ ಮಾತು. ಮೇಲಿನ ಹನ್ನೊಂದು ಆಳಿನ ಲೆಕ್ಕಕ್ಕೆ ಮರಳಿದರೆ ಉತ್ತರದ ಒಂದು ಭಾಗ ಸಿಗುತ್ತದೆ. ಯಾರಿಗೂ 430ಕ್ಕಿಂತ ಕಡಿಮೆ ಕೊಡಕೂಡದು ಎಂದು ನಿಯಮವಾದರೆ ಹತ್ತು ಮಂದಿಯ ಖರ್ಚು ಹೇಗೂ 4,300 ಆಗಿಬಿಟ್ಟಿತು. ಹನ್ನೊಂದನೆಯವರಿಗೆ ಬೀಳುವ ಖರ್ಚು ಈಗ 730 ಅಲ್ಲ, 430 ಮಾತ್ರ. 600 ರೂಪಾಯಿಯ ಕೆಲಸ ಮಾಡುವ ಅವರನ್ನು ಜಮೀನುದಾರ ಕರೆಯುತ್ತಾನೆ. ಕೂಲಿಯೂ ಏರಿತು, ಕೆಲಸವೂ ಏರಿತು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ವೇತನ 4.25 ಡಾಲರ್‌ನಿಂದ 5.05ಕ್ಕೆ ಏರಿದಾಗ ಅಲ್ಲಿನ ಹೋಟೆಲುಗಳಲ್ಲಿ ಕೆಲಸ ಕಡಿಮೆಯಾಗಲಿಲ್ಲ ಎಂದು ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ತೋರಿಸಿದರು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಆಂಧ್ರದ ಅಧ್ಯಯನದಲ್ಲೂ ಖಾಸಗಿ ಕೂಲಿ ಏರಿದರೂ ಖಾಸಗಿ ಕೆಲಸ ಇಳಿಯಲಿಲ್ಲ, ಏರಿತು. ಜಮೀನು ಕೆಲವರ ಕೈಯಲ್ಲೇ ಸೇರಿದ್ದ ಹಳ್ಳಿಗಳಲ್ಲಿ ಇನ್ನೂ ಹೆಚ್ಚು ಏರಿತು. ಆದರೆ ಈ ಉತ್ತರಕ್ಕೂ ಎಲ್ಲೆಯಿದೆ. ನಿಯಮದ ಕೂಲಿ 600ನ್ನು ದಾಟಿದರೆ ಹನ್ನೊಂದನೆಯವರು ಹೊರಗುಳಿಯುತ್ತಾರೆ, ಹತ್ತನೆಯವರಿಗೂ ಕುತ್ತು. ದುಡಿಮೆಯಿಂದ ಹುಟ್ಟುವುದಕ್ಕೂ ಕೈಗೆ ಸಿಗುವುದಕ್ಕೂ ನಡುವೆ ಇರುವ ಅಂತರದೊಳಗೆ ಮಾತ್ರ ಕಾನೂನಿಗೆ ಜಾಗವಿದೆ. ಆ ಅಂತರ ಹೆದ್ದಾರಿಯ ಕಾರ್ಖಾನೆಯಲ್ಲಿ ಎಷ್ಟು, ಅರ್ಧ ಎಕರೆ ಭತ್ತದ ಗದ್ದೆಯಲ್ಲಿ ಎಷ್ಟು ಎಂದು ಬೇರೆಬೇರೆಯಾಗಿ ಅಳೆಯಬೇಕು. ಸಣ್ಣ ಊರಿನ ವಲಯಕ್ಕೆ ಕಡಿಮೆ ವೇತನ ಎಂಬ ರಿಯಾಯಿತಿ ಕಾರ್ಖಾನೆಯನ್ನು ಕರೆತರುವ ಮಟ್ಟಿಗೆ ಒಪ್ಪತಕ್ಕದ್ದಿರಬಹುದು. ಕಾರ್ಖಾನೆ ಬಂದು ಬೇರೂರಿ, ಮೈಸೂರಿಗೂ ಬೆಂಗಳೂರಿಗೂ ಎಕ್ಸ್‌ಪ್ರೆಸ್ ದಾರಿಯಾದ ಮೇಲೂ ಅದನ್ನು ಮುಂದುವರಿಸಲು ಕಾರಣ ಕಾಣುವುದಿಲ್ಲ.

ಕೂಲಿ ನೀತಿ ಎಂದರೆ ದಿನಕ್ಕೆ ಇಷ್ಟು ಎಂಬ ಒಂದು ಸಂಖ್ಯೆಯಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಇಲ್ಲಿ ಕಂಡ ಪುರಾವೆಗಳೆಲ್ಲ ಇನ್ನೊಂದು ಅಳತೆಗೋಲನ್ನು ಮುಂದಿಡುತ್ತವೆ: ಈ ಕೆಲಸ ಬೇಡ ಎಂದು ಎದ್ದುಹೋಗಲು ಯಾರಿಗೆ ಎಷ್ಟು ಸಾಧ್ಯ? ಪಾಳಿಗೆ ಹೊಂದುವ ಬಸ್ಸು, ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ 1948ರ ಕಾನೂನೇ ಹೇಳಿದ್ದ ಶಿಶುಪಾಲನಾ ಕೇಂದ್ರ, ಹೊತ್ತಿಗೆ ಸರಿಯಾಗಿ ಸಿಗುವ ಖಾತರಿ ಕೆಲಸ, ಮೇಸ್ತ್ರಿಯ ಹಂಗಿಲ್ಲದ ಸಾಲ, ಗೇಟಿನೊಳಗೆ ಸಂಘ ಕಟ್ಟುವ ಸ್ವಾತಂತ್ರ್ಯ, ಇವೆಲ್ಲ ವೇತನ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಪಟ್ಟಿಯ ಪ್ರತಿ ಅಂಕಿಯನ್ನೂ ಅಲುಗಾಡಿಸುತ್ತವೆ. ಮುಂದಿನ ಬಾರಿ ಕನಿಷ್ಠ ವೇತನದ ಕರಡು ಬಂದಾಗ ಮಳವಳ್ಳಿಯ ಟೈಲರ್‌ಗೆ ಬೆಂಗಳೂರಿನ ಟೈಲರ್‌ಗಿಂತ ಕಡಿಮೆ ಏಕೆ ಎಂದು ಕೇಳಿದರೆ, ಮಳವಳ್ಳಿಯಲ್ಲಿ ಜೀವನ ಅಗ್ಗ ಎಂಬ ಉತ್ತರ ಬರುತ್ತದೆ. ಮನೆ ಬಾಡಿಗೆಯ ಮಟ್ಟಿಗೆ ಅದು ಸರಿಯಿರಬಹುದು. ಅವಳು ಹೊಲಿದ ಅಂಗಿ ಮಾರಾಟವಾಗುವ ಬೆಲೆ ಮಾತ್ರ ಎಲ್ಲಿ ಹೊಲಿದರೂ ಒಂದೇ. ವಲಯದ ಹೆಸರಿನಲ್ಲಿ ಉಳಿದ ಆ ವ್ಯತ್ಯಾಸ ಯಾರ ಪಾಲಾಗುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಕರಡು ಬರೆಯುವವರದು.